ಮಡುವಿಗೆ ಎಡೆ

ತಿಪ್ಪೇರುದ್ರನ ತೆಪ್ಪ ಹೊನ್ನಾಳಿ ಸೇತುವೆಯ ಕಂಬಕ್ಕೆ ತಾಗಿ ಖಾಲಿ ನಿಂತಿದೆ ಎಂಬ ಸುದ್ದಿ ಗೋವಿನಕೋವಿಗೆ ಬಂದದ್ದು ಸೋಮವಾರ ಬೆಳಿಗ್ಗೆ. ಆಗ ಅವನ ಹೆಂಡತಿ ಬೊಮ್ಮಕ್ಕ ಹೊಳೆಯ ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದಳು. ಸುದ್ದಿ ತಂದವನ ಮುಖವನ್ನು ಅವಳು ಒಮ್ಮೆ ನೋಡಿದಳು. ಬಲೆಯ ಕೊನೆಯ ಮೂಲೆಯನ್ನೂ ಬಿಡಿಸಿ ಹರಡಿ, ಆಮೇಲೆ ಅಲ್ಲಿಯೇ ಕುಳಿತಳು. ಸಂಜೆ ದೇಹವೂ ಸಿಕ್ಕಿತು. ಕೇರಿಯವರು ಮಣ್ಣು ಮಾಡಿ, ತೆಪ್ಪವನ್ನೂ ಹೊತ್ತು ತಂದರು.

ಆ ವಾರ ತಿಪ್ಪೇರುದ್ರ ಒಬ್ಬ ಹೆಣ್ಣುಮಗಳನ್ನು ಗಂಗಮ್ಮನ ಮಡುವಿಗೆ ಕರೆದೊಯ್ಯಬೇಕಿತ್ತು. ದಾರಿ ನೋಡಿಬರುತ್ತೇನೆಂದು ಒಬ್ಬನೇ ಹೋದವನು ತಿರುಗಿ ಬರಲಿಲ್ಲ.

ಊರಿನ ಮೇಲ್ಭಾಗದಲ್ಲಿ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟುವ ಯೋಜನೆಯಿತ್ತು. ಅದಕ್ಕೆ ಸಾಲ ಕೊಡುವ ಹೊರದೇಶದ ಬ್ಯಾಂಕಿಗೆ ತನ್ನದೇ ನಿಯಮಗಳಿದ್ದವು. ಮುಳುಗುವ ಊರುಗಳನ್ನಷ್ಟೇ ನೋಡಿದರೆ ಸಾಲದು. ಅಣೆಕಟ್ಟಿನ ಕೆಳಗೆ ನೀರನ್ನೇ ನಂಬಿದ ಜನರನ್ನೂ ಜೀವಿಗಳನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಮೀನು ತಂಗುವ ಮಡುವೊಂದು ಕೆಳಗಿದ್ದರೆ, ಅದು ಬತ್ತದಂತೆ ನೀರು ಬಿಡುವ ಕರಾರು ಆಗದೆ ಸಾಲವಿಲ್ಲ. ಯೋಜನೆಯವರ ವರದಿ ಅಂಥ ಮಡುವೇ ಇಲ್ಲ ಎಂದಿತ್ತು. ಬರೆದವರು ರಸ್ತೆಯಲ್ಲಿ ನಿಂತು ನೋಡಿದ್ದರು. ರಸ್ತೆಗೆ ಕಾಣುವುದು ಬಂಡೆಗಳು ಮಾತ್ರ.

ಕೇರಿಯ ಪರವಾಗಿ ತಿಪ್ಪೇರುದ್ರ ಬ್ಯಾಂಕಿಗೆ ದೂರು ಕಳಿಸಿದ್ದ. ಅದನ್ನು ಪರಿಶೀಲಿಸಲು ಬ್ಯಾಂಕು ಕಳಿಸಿದ ಆ ಹೆಣ್ಣುಮಗಳೇ ಅರ್ಪಿತಾ. ಕೆರೆಬಿಳಚಿಯ ಹುಡುಗಿ, ಮೀನುಗಳ ವಿಷಯ ಓದಿದವಳು. ಮಳೆಗಾಲಕ್ಕೆ ಮೊದಲೇ ಅವಳು ಮಡುವನ್ನು ಕಣ್ಣಾರೆ ನೋಡಬೇಕಿತ್ತು. ಮಳೆ ಹಿಡಿದು ಹೊಳೆ ತುಂಬಿದರೆ ಮಡು ಯಾವುದು, ಹೊಳೆ ಯಾವುದು ಎಂದು ತಿಳಿಯುವುದಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಸಾಲಕ್ಕೆ ಸಹಿ ಬಿದ್ದಿರುತ್ತದೆ.

ಹನ್ನೊಂದನೆಯ ದಿನ ಬೊಮ್ಮಕ್ಕ ಬುಟ್ಟಿ ಹಿಡಿದು ಮೈದುನ ನಿಂಗರಾಜನ ಬಾಗಿಲಿಗೆ ಬಂದಳು. ಬುಟ್ಟಿಯಲ್ಲಿ ಅನ್ನ, ಬೆಲ್ಲ, ಮಂಡಕ್ಕಿ. ಆ ಮನೆಯಲ್ಲಿ ಸತ್ತವರ ಎಡೆ ಕಾಗೆಗಲ್ಲ, ಮಡುವಿನ ಮೀನಿಗೆ. ಮೀನು ಮುಟ್ಟಿದರೆ ಹೋದ ಜೀವ ದಡ ಸೇರಿತು ಎಂದು ಅವರ ನಂಬಿಕೆ.

"ತೆಪ್ಪ ಇಳಿಸು ನಿಂಗ."

"ಅತ್ತಿಗೆ, ಅಣ್ಣನ್ನೇ ನುಂಗಿದ ಜಾಗ ಅದು. ಮೇಲೆ ಮಳೆ ಬ್ಯಾರೆ ಆಗೈತಂತೆ."

"ಅದಕ್ಕೇ ಇವತ್ತು ಹೋಗ್ಬೇಕು. ನೀನು ಬರಲ್ಲ ಅಂದ್ರೆ ಹುಟ್ಟು ಕೊಡು, ನಾನೇ ಹಾಕ್ತೀನಿ."

ನಿಂಗರಾಜ ಹುಟ್ಟು ಕೊಡಲಿಲ್ಲ. ತಾನೇ ಹಿಡಿದು ಹೊರಟ. ಬೊಮ್ಮಕ್ಕ ಹೇಳಿಕಳಿಸಿದ್ದರಿಂದ ಅರ್ಪಿತಾ ದಂಡೆಯಲ್ಲಿ ಕಾದಿದ್ದಳು. ಅವಳ ಬಳಿ ನೀರಿನೊಳಗೂ ನಡೆಯುವ ಕ್ಯಾಮೆರಾ, ಆಳ ನೋಡಲು ಗುಂಡು ಕಟ್ಟಿದ ಹಗ್ಗ, ಒಂದು ಬಲೆ. ಬಲೆ ನೋಡಿ ಬೊಮ್ಮಕ್ಕ ನಿಂತಳು.

"ಇದು ಮಡುವಿಗೆ ಇಳಿಯಂಗಿಲ್ಲ ತಂಗಿ."

"ಹಿಡಿದು ಅಳತೆ ನೋಡಿ ಬಿಟ್ಟುಬಿಡ್ತೀನಿ ಅಕ್ಕ. ಕೊಲ್ಲಲ್ಲ."

"ತಾಯಿ ಮನೇಲಿ ಮಕ್ಕಳನ್ನ ಎಳೆದು ನೋಡ್ತಾರೇನು?"

"ಮೊದಲು ಜೀವಂತ ಮುಟ್ಟಾನ," ಎಂದ ನಿಂಗರಾಜ. "ಆಮೇಲೆ ಇಬ್ಬರೂ ಕುಂತು ಜಗಳ ಆಡ್ರಿ. ಮೇಡಂ, ಈಜು ಬರ್ತೈತೇನ್ರಿ?"

"ಸೂಳೆಕೆರೇಲಿ ಕಲಿತಿದ್ದೀನಿ."

"ಕೆರೆ ನಿಂತಲ್ಲೇ ನಿಂತಿರ್ತೈತ್ರಿ. ಇದು ಹೇಳ್ದೆ ಕೇಳ್ದೆ ಓಡ್ತೈತೆ. ಅಂಚು ಬಿಡಬ್ಯಾಡ್ರಿ."

ಮೊದಮೊದಲು ಹಾದಿ ಸುಖವಾಗಿತ್ತು. ಹೊಳೆ ಅಗಲವಾಗಿ, ತೆಳುವಾಗಿ ಹರಿಯುತ್ತಿತ್ತು. ಮರಳುದಿಬ್ಬಗಳ ಮೇಲೆ ಬೆಳ್ಳಕ್ಕಿಗಳು ಕುಳಿತಿದ್ದವು. ಒಂದು ದಿಬ್ಬದ ತುದಿಯಲ್ಲಿ ಬಾಯಿ ತೆರೆದು ಮಲಗಿದ್ದ ಮೊಸಳೆ ತೆಪ್ಪವನ್ನು ಕಂಡು ಸದ್ದಿಲ್ಲದೆ ನೀರಿಗೆ ಜಾರಿತು. ಎರಡೂ ದಡಗಳಲ್ಲಿ ಜಾಲಿಯ ಮುಳ್ಳು ಹೆಣೆದುಕೊಂಡು, ಅದರಾಚೆಯ ಗದ್ದೆಗಳು ಕಾಣದಾದವು. ಮುಂದೆ ಹೊಳೆ ಕಿರಿದಾಯಿತು. ನೀರಿನ ಬಣ್ಣ ನಿಧಾನವಾಗಿ ಕೆಂಪಾಗುತ್ತ ಬಂತು.

"ಮೇಲಿನ ಮಳೆ ನೀರು," ಎಂದ ನಿಂಗರಾಜ.

ಎದುರಿಗೆ ಕತ್ತರಿಬಂಡೆ ಬಂತು. ಎರಡು ಬಂಡೆಗಳು ಕತ್ತರಿಯ ಬಾಯಿಯಂತೆ ತೆರೆದಿದ್ದವು. ಹೊಳೆಯೆಲ್ಲ ಆ ಸಂದಿಗೆ ನುಗ್ಗುತ್ತಿತ್ತು.

"ಕುಂತ್ಕಳ್ರಿ! ತಲೆ ತಗ್ಗಿಸ್ರಿ!"

ತೆಪ್ಪ ಬುಗುರಿಯಂತೆ ತಿರುಗಿತು. ನಿಂಗರಾಜ ಹುಟ್ಟನ್ನು ಬಂಡೆಗೆ ಒತ್ತಿ ದೂಡಿದ. ಒಂದು ಬಂಡೆ ತಪ್ಪಿತು, ಇನ್ನೊಂದು ತಗುಲಿತು. ತಳ ಕೊಯ್ದ ಸದ್ದು ಕೇಳಿತು.

ಬೊಮ್ಮಕ್ಕನ ಕಾಲಬಳಿ ನೀರು ಚಿಮ್ಮಿತು. ಅವಳು ಬುಟ್ಟಿಯನ್ನು ತಲೆಯ ಮೇಲೆತ್ತಿದಳು.

"ಏನಾದ್ರೂ ತುರುಕ್ರಿ!" ಎಂದು ನಿಂಗರಾಜ ಕೂಗಿದ.

ಅರ್ಪಿತಾ ಸುತ್ತ ನೋಡಿದಳು. ಅವಳ ಕೈಗೆ ಸಿಕ್ಕಿದ್ದು ಬಲೆ. ಒಂದು ಕ್ಷಣ ಹಿಡಿದಳು. ಬಳಿಕ ಅದನ್ನು ಉಂಡೆ ಮಾಡಿ ಹರಿದ ಕಡೆಗೆ ತುರುಕಿ, ಅದರ ಮೇಲೆ ತಾನೇ ಕುಳಿತಳು. ನೀರು ನಿಲ್ಲಲಿಲ್ಲ, ಕಡಿಮೆಯಾಯಿತು. ಬೊಮ್ಮಕ್ಕ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ತೆಪ್ಪದಲ್ಲಿದ್ದ ತಂಬಿಗೆಯಿಂದ ನೀರು ಮೊಗೆದು ಹೊರಗೆ ಚೆಲ್ಲಿದಳು.

ತೆಪ್ಪ ಸಂದಿ ದಾಟಿತು. ಸದ್ದು ಹಿಂದೆ ಉಳಿಯಿತು.

ಸುತ್ತ ಎತ್ತರದ ಬಂಡೆ, ನಡುವೆ ನಿಂತ ಕಪ್ಪು ನೀರು. ಕೆಂಪು ನೀರು ಇನ್ನೂ ಒಂದು ಅಂಚನ್ನಷ್ಟೇ ಮುಟ್ಟಿತ್ತು. ಅರ್ಪಿತಾ ಹಗ್ಗ ಇಳಿಬಿಟ್ಟಳು. ಹಗ್ಗ ಪೂರ್ತಿ ಬಿಟ್ಟರೂ ಗುಂಡು ತಳ ಮುಟ್ಟಲಿಲ್ಲ.

"ಮಡು ಇರೋದು ನಿಜ," ಎಂದಳು. "ಆದ್ರೆ ಮೀನು ಕಾಣ್ಬೇಕು ಅಕ್ಕ. ಬರೀ ನೀರಂದ್ರೆ ಅವ್ರು ಒಪ್ಪಲ್ಲ."

"ಬಲೆ?" ಎಂದಳು ಬೊಮ್ಮಕ್ಕ.

"ಬಲೆ ಮೇಲೆ ಕೂತಿದ್ದೀನಲ್ಲ. ಎದ್ರೆ ಮೂವರೂ ಮುಳುಗ್ತೀವಿ."

ಬೊಮ್ಮಕ್ಕ ಎಡೆ ಬಿಟ್ಟಳು. ಮಂಡಕ್ಕಿ ತೇಲಿತು. ಅನ್ನ ನಿಧಾನವಾಗಿ ಇಳಿಯಿತು. ಯಾವುದೂ ಬರಲಿಲ್ಲ. ಕೆಂಪು ನೀರು ಇತ್ತ ಹರಡುತ್ತಿತ್ತು.

"ನಿಂಗ, ಮೀನು ಕರೆಯಾಕೆ ಅವ್ರು ತೆಪ್ಪ ಬಡೀತಿದ್ರು."

"ಅದು ಅಣ್ಣನ ಕೆಲಸ ಅತ್ತಿಗೆ. ಮನೆಗೆ ಹಿರಿಯನ ಕೈಯಾಗೇ ಆಗ್ಬೇಕು."

"ಈಗ ಹಿರಿಯ ಯಾರು?"

ನಿಂಗರಾಜ ಹುಟ್ಟನ್ನು ತಿರುಗಿಸಿ ಹಿಡಿದು, ತೆಪ್ಪದ ಅಂಚಿಗೆ ಬಡಿದ. ಅಣ್ಣ ಬಡಿಯುತ್ತಿದ್ದ ಹಾಗೆಯೇ, ಬಿಡಿಬಿಡಿಯಾಗಿ.

ಕಪ್ಪು ನೀರಿನಡಿ ಬಂಗಾರದ ಬಣ್ಣ ಮಿಂಚಿತು. ಒಂದು ಬೆನ್ನು ಎದ್ದಿತು, ಹಿಂದೆಯೇ ಹಲವು. ಅಂಗೈಯಗಲದ ಹುರುಪೆಯ ದೊಡ್ಡ ಮೀನುಗಳು ತೆಪ್ಪವನ್ನು ಸುತ್ತಿ ಎಡೆ ತಿಂದವು.

"ಹುಟ್ಟು ನೀರಿಗಿಳಿಸಿ ಹಿಡಿ ನಿಂಗಣ್ಣ, ಅಲುಗಾಡಿಸಬೇಡ!" ಅರ್ಪಿತಾ ಕ್ಯಾಮೆರಾ ನೀರಿಗಿಳಿಸಿ, ಹುಟ್ಟಿನ ಪಕ್ಕ ಹಾಯುವ ಮೀನುಗಳನ್ನು ತೆಗೆದಳು. ಉದ್ದ ಹೇಳಲು ಹುಟ್ಟೇ ಅಳತೆಗೋಲಾಯಿತು.

ಬೊಮ್ಮಕ್ಕ ಅಳಲಿಲ್ಲ. ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೈಮುಗಿದಳು.

ಮರಳುವುದು ಸುಲಭವಾಗಿರಲಿಲ್ಲ. ದಡ ಹತ್ತುವಷ್ಟರಲ್ಲಿ ಮಳೆ ಬಂತು. ತೆಪ್ಪ ಬಿಟ್ಟು ಹೋಗೋಣ ಎಂದಳು ಅರ್ಪಿತಾ. "ಅಣ್ಣನ ತೆಪ್ಪ ಇದು," ಎಂದ ನಿಂಗರಾಜ ಅದನ್ನು ತಲೆಗೆ ಕವುಚಿಕೊಂಡ. ಜಾಲಿಮುಳ್ಳಿನ ನಡುವೆ, ಜಾರುವ ಬಂಡೆಗಳ ಮೇಲೆ ಅವರು ಬಾಗಿ ನಡೆದರು. ನಡುದಾರಿಯಲ್ಲಿ ಹಿಂತಿರುಗಿ ನೋಡಿದಾಗ ಮಡುವೂ ಕತ್ತರಿಬಂಡೆಯೂ ಕೆಂಪು ನೀರಿನಲ್ಲಿ ಒಂದಾಗಿದ್ದವು. ಊರು ಮುಟ್ಟಿದಾಗ ಮೂವರ ಕೈಕಾಲಲ್ಲೂ ರಕ್ತವಿತ್ತು. ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ.

ಮಳೆಗಾಲ ಮುಗಿಯುವ ಮೊದಲು ಅರ್ಪಿತಾ ಫೋನ್ ಮಾಡಿದಳು. ಬೇಸಿಗೆಯ ನೀರು ಕರಾರಿನಲ್ಲಿ ಸೇರುವವರೆಗೆ ಸಹಿ ಇಲ್ಲ ಎಂದು ಬ್ಯಾಂಕು ತಿಳಿಸಿತ್ತು.

"ಅಣೆಕಟ್ಟು ಬರ್ತೈತೇನೋ," ಎಂದ ನಿಂಗರಾಜ. "ಮಡು ಅಂತೂ ಉಳೀತೈತೆ."

ಬೊಮ್ಮಕ್ಕ ದೀಪ ಹಚ್ಚಿಕೊಂಡು ಹೊಳೆಗಿಳಿದಳು. ಮೊಣಕಾಲವರೆಗಿನ ನೀರಿನಲ್ಲಿ ನಿಂತು ದೀಪ ತೇಲಿಬಿಟ್ಟು ಕೈಮುಗಿದಳು.

"ತಾಯಿ ಗಂಗಮ್ಮಾ, ನಿನ್ನ ಮಕ್ಕಳಿಗೆ ತುತ್ತು ಹಾಕಿದೋರು ಅವ್ರು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕ. ಅವ್ರ ಜೀವಾನ ತಣ್ಣಗಿಡು."