ಮಾಳಿಗೆಯ ಮೇಲಿನ ಪಲ್ಯದ ಕೊಲೆ

ಕೊಂಕಲ್‌ನಲ್ಲಿ ತಂಗಿಯ ಮಗಳ ಸೀಮಂತದ ಕುಬಸ ಮುಗಿಸಿಕೊಂಡು ವೆಂಕಟಪ್ಪ ಮತ್ತು ಹೆಂಡತಿ ಮಲ್ಲಾಬಾಯಿ ವಾರದ ಮೇಲೆ ರಂಗಂಪೇಟೆಗೆ ವಾಪಸಾದದ್ದು ರವಿವಾರ ಸಂಜೆ. ಸೋಮವಾರ ಬೆಳಿಗ್ಗೆ ವೆಂಕಟಪ್ಪ ಮಾಳಿಗೆ ಹತ್ತಿದ. ಹತ್ತಿದವನು ಇಳಿಯಲಿಲ್ಲ. ಚಹಾ ಆರಿದ ಮೇಲೆ ಮಲ್ಲಾಬಾಯಿ ತಾನೇ ಹೋಗಿ ನೋಡಿದಳು.

ಪಲ್ಯ ಸತ್ತಿತ್ತು.

ಸಾಲಾಗಿ ಇಟ್ಟ ಬಕೆಟ್‌ಗಳ ಮೇಲೆ ಪಾಲಕ್ ಒದ್ದೆ ಅರಿವೆಯಂತೆ ಜೋತುಬಿದ್ದಿತ್ತು. ಹೂವಿಗೆ ಬಂದಿದ್ದ ಟೊಮ್ಯಾಟೊ ಗಿಡಗಳು ತಲೆ ಕೆಳಗೆ ಹಾಕಿ ನಿಂತಿದ್ದವು. ನಡುವೆ ವೆಂಕಟಪ್ಪ, ಅವುಗಳ ಹಾಗೆಯೇ.

ನಾರಾಯಣಪುರದಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸಿಯೇ ನಿವೃತ್ತನಾದ ಮನುಷ್ಯ ಆತ. ಆಮೇಲೆ ಮೊಬೈಲಿನಲ್ಲಿ ನೋಡಿ ಮಣ್ಣಿಲ್ಲದೆ ಸೊಪ್ಪು-ಪಲ್ಯ ಬೆಳೆಯುವುದನ್ನು ಕಲಿತ. ಮೊದಲು ಓಣಿ ನಕ್ಕಿತು. ನಂತರ ಮನೆಮನೆಗೆ ಒಂದೊಂದು ಸಿವುಡು ಪಾಲಕ್ ಹೋಗತೊಡಗಿತು. ಬಾಯಲ್ಲಿ ಪಲ್ಯ ಇದ್ದಾಗ ನಗುವುದು ಕಷ್ಟ.

ಮಲ್ಲಾಬಾಯಿ ಮಾಳಿಗೆಯ ಅಂಚಿಗೆ ಬಂದು ಓಣಿಗೆ ಕೇಳುವಂತೆ ಒಂದೇ ಮಾತು ಹೇಳಿದಳು.

"ಕೀಲಿ ಯಾರ ಕೈಯಾಗ ಕೊಟ್ಟು ಹೋಗಿದ್ವಿ ಅನ್ನೂದು ದೇವರಿಗೆ ಗೊತ್ತದ."

ದೇವರಿಗೆ ಗೊತ್ತಿತ್ತೋ ಇಲ್ಲವೋ, ಓಣಿಗೆ ಗೊತ್ತಿತ್ತು. ಕೀಲಿ ಎದುರು ಮನೆಯ ಶರೀಫಾಬೀ ಹತ್ತಿರ ಇತ್ತು.

* * *

ಶರೀಫಾಬೀ ರವಿಕೆ ಹೊಲಿಯುವವಳು. ಊರಿಗೆ ಹೋಗುವವರೆಲ್ಲ ಅವಳ ಕೈಗೆ ಕೀಲಿ ಕೊಟ್ಟು ಹೋಗುತ್ತಿದ್ದರು. ಕೆಲವರ ಎರಡನೇ ಕೀಲಿ ಸದಾ ಅವಳ ಹತ್ತಿರವೇ ಇರುತ್ತಿತ್ತು. ಅವಳ ಹೊಲಿಗೆಯ ಬಗ್ಗೆ ತಕರಾರು ಇದ್ದವರಿಗೂ ಅವಳ ಕೈಯ ಬಗ್ಗೆ ಇರಲಿಲ್ಲ.

ಹೊತ್ತು ಏರುವ ಮುಂಚೆಯೇ ಅವಳು ಸುರಪುರ ಠಾಣೆಯಲ್ಲಿ ಎಎಸ್‌ಐ ದೇವಕಮ್ಮನ ಮುಂದೆ ಕುಳಿತಿದ್ದಳು.

"ಯಾರ ಮ್ಯಾಲ ಕಂಪ್ಲೇಂಟ್?"

"ನನ್ನ ಮ್ಯಾಲರಿ."

ದೇವಕಮ್ಮ ಪೆನ್ನು ಕೆಳಗಿಟ್ಟಳು.

"ನಾ ಮಾಡೀನೋ ಇಲ್ಲೋ ನೀವ ನೋಡ್ರಿ," ಎಂದಳು ಶರೀಫಾಬೀ. "ಮಾಡಿದ್ರ ಒಳಗ ಹಾಕ್ರಿ. ಮಾಡಿಲ್ಲಂದ್ರ ಓಣಿಗೆ ಬಂದು ಹೇಳ್ರಿ. ಮುಂಜಾನೆ ಇಬ್ಬರು ಬಂದು ತಮ್ಮ ಕೀಲಿ ವಾಪಸ್ ಒಯ್ದಾರ. ಏನೂ ಅನ್ನಲಿಲ್ಲ. ಅದ ನುಂಗಲಾಕ ಆಗವಲ್ದು."

ಸತ್ತ ಪಾಲಕ್‌ಗೆ ಕಾನೂನಿನಲ್ಲಿ ಯಾವ ಕಲಮೂ ಇಲ್ಲವೆಂಬುದು ದೇವಕಮ್ಮನಿಗೆ ಗೊತ್ತಿತ್ತು. ಆದರೆ ತನ್ನನ್ನೇ ತನಿಖೆ ಮಾಡಿ ಎಂದು ಬಂದವರನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಸ್ಕೂಟಿಯ ಕೀಲಿ ತೆಗೆದುಕೊಂಡಳು.

* * *

ಮನೆಯ ಬೀಗ ಮುರಿದಿರಲಿಲ್ಲ. ಮಾಳಿಗೆಯ ಬಾಗಿಲೂ ನೆಟ್ಟಗಿತ್ತು. ಪಕ್ಕದ ಮನೆಯ ಮಾಳಿಗೆಗೂ ಇದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ದೇವಕಮ್ಮ ಅದನ್ನು ನೋಡಿದಳು.

ಮಣ್ಣಿಲ್ಲದೆ ಇದು ಬೆಳೆಯುವುದು ಹೇಗೆಂದು ಕೇಳಿದಳು. ವೆಂಕಟಪ್ಪ ಮೃತರ ಗುಣಗಾನ ಮಾಡುವವನಂತೆ ವಿವರಿಸಿದ. ಪೇಂಟಿನ ಖಾಲಿ ಬಕೆಟ್. ಬೆಳಕು ಒಳಹೋಗಿ ಪಾಚಿ ಕಟ್ಟದಿರಲಿ ಎಂದು ಹೊರಗೆಲ್ಲ ಕಪ್ಪು ಬಣ್ಣ. ಮುಚ್ಚಳಕ್ಕೆ ತೂತು, ತೂತಿನಲ್ಲಿ ತಳಕ್ಕೆ ರಂಧ್ರ ಮಾಡಿದ ಪ್ಲಾಸ್ಟಿಕ್ ಲೋಟ, ಅದರಲ್ಲಿ ತೆಂಗಿನ ನಾರು, ನಾರಿನಲ್ಲಿ ಸಸಿ. ಗೊಬ್ಬರದ ಪುಡಿ ಕಲಸಿದ ನೀರನ್ನು ಲೋಟದ ತಳಕ್ಕೆ ತಾಗುವಷ್ಟು ಒಮ್ಮೆ ತುಂಬಿದರೆ ಮುಗಿಯಿತು. ಮೋಟರ್ ಬೇಡ, ಕರೆಂಟ್ ಬೇಡ. ಗಿಡ ಕುಡಿದಂತೆ ನೀರು ಇಳಿಯುತ್ತದೆ. ತಳದ ಬೇರು ನೀರು ಕುಡಿಯುತ್ತದೆ, ಮೇಲೆ ಖಾಲಿಯಾದ ಜಾಗದಲ್ಲಿ ಇಳಿಬಿದ್ದ ಬೇರು ಗಾಳಿ ಕುಡಿಯುತ್ತದೆ.

"ತಾನ ಉಣ್ತದ, ತಾನ ಉಸಿರಾಡ್ತದ. ನಾವು ಕೈ ಹಚ್ಚಬಾರದು, ಅಷ್ಟ," ಎಂದ.

ಗಾಳಿಗೆ ಮುಚ್ಚಳ ಏಳದಿರಲೆಂದು ಇಟ್ಟ ಕಲ್ಲುಗಳೆಲ್ಲ ಇದ್ದಲ್ಲೇ ಇದ್ದವು. ಮುಚ್ಚಳದ ಅಂಚಿನ ಬಿಳಿ ಪುಡಿಯನ್ನು ಮಲ್ಲಾಬಾಯಿ ಬೆರಳಿಟ್ಟು ತೋರಿಸಿದಳು. ವಿಷ ಇದೇ ಎಂದಳು. ಅದು ತಾನೇ ಹಾಕಿದ ಗೊಬ್ಬರ, ಒಣಗಿದ್ದು ಎಂದು ವೆಂಕಟಪ್ಪ ಸಣ್ಣ ದನಿಯಲ್ಲಿ ಒಪ್ಪಿಕೊಂಡ. ಎದುರು ಪಾರ್ಟಿಗೆ ಸಾಕ್ಷಿ ಹೇಳಿದವನನ್ನು ನೋಡುವಂತೆ ಹೆಂಡತಿ ಅವನನ್ನು ನೋಡಿದಳು.

ದೇವಕಮ್ಮ ಒಂದು ಮುಚ್ಚಳ ಎತ್ತಿ ಮೂಸಿದಳು. ಫಿನಾಯಿಲ್ ಇಲ್ಲ, ಸೀಮೆಎಣ್ಣೆ ಇಲ್ಲ. ತಿಳಿನೀರು ಲೋಟವನ್ನು ಮುಳುಗಿಸಿ ಕಂಠದವರೆಗೆ ನಿಂತಿತ್ತು.

"ನೀರು ತುಂಬೇದಲ್ರಿ."

"ನೀರಿಗೇನ್ ಕಡಿಮಿ ಇಲ್ಲ ಬಿಡ್ರಿ," ಎಂದ ವೆಂಕಟಪ್ಪ. ಆ ದುಃಖದಲ್ಲೂ ದನಿಯಲ್ಲಿ ಒಂದಿಷ್ಟು ಸಮಾಧಾನ ಇತ್ತು.

ಮೂಲೆಯಲ್ಲಿ ಕೆಲವು ಬಕೆಟ್‌ಗಳಲ್ಲಿ ಎಳೆ ಸಸಿಗಳು ಹಸಿರಾಗಿ ನಿಂತಿದ್ದವು. ಊರಿಗೆ ಹೊರಡುವ ಮುನ್ನ ನೆಟ್ಟವಂತೆ. ಅವಕ್ಕೆ ಏನೂ ಆಗಿರಲಿಲ್ಲ. ವೈರಿಗೆ ಬೆಲೆ ಗೊತ್ತು, ಬೆಳೆದದ್ದನ್ನಷ್ಟೇ ಕೊಂದಿದ್ದಾನೆ ಎಂದಳು ಮಲ್ಲಾಬಾಯಿ. ಹಾಗೆಯೇ ಇನ್ನೊಬ್ಬ ವೈರಿಯನ್ನೂ ಸೂಚಿಸಿದಳು: ಗೊಬ್ಬರದ ಅಂಗಡಿಯ ಲಿಂಗಣ್ಣ.

* * *

ಮಣ್ಣಿಲ್ಲದೆ ಬೆಳೆಯುವುದು ಗಡ್ಡ ಒಂದೇ ಎಂದು ಲಿಂಗಣ್ಣ ಬಜಾರಿನಲ್ಲಿ ನಿಂತು ಹೇಳಿದ್ದು ನಿಜ. ಅದನ್ನು ಅವನು ಅಲ್ಲಗಳೆಯಲಿಲ್ಲ.

"ಸಾಯಿಸೂದಿದ್ರ ನಾ ಮಾಳಿಗಿ ಯಾಕ ಹತ್ಲಿರಿ? ಪುಡಿ ನಮ್ಮ ಅಂಗಡ್ಯಾಗ ಒಯ್ತಾನ. ನಾಕು ಚಮಚ ಜಾಸ್ತಿ ಹಾಕು ಅಂದ್ರ ಹಾಕ್ತಿದ್ದ. ಹೇಳಿದ್ದು ಕೇಳೂ ಮನುಷ್ಯ ಅವ."

ಮಾತು ಒರಟು, ತರ್ಕ ಸರಿ. ದೇವಕಮ್ಮ ಹೊರಡುವಾಗ ಅವನು ಗೋಣಿಚೀಲ ಸರಿಸುತ್ತ, ಆ ಪಲ್ಯ ಭಾಳ ಮೆತ್ತಗಿತ್ತು ಎಂದು ಯಾರಿಗೋ ಎಂಬಂತೆ ಹೇಳಿದ.

* * *

ಗೋಡೆ ಮಗ್ಗುಲಿನ ಮನೆ ಶಾಲಾ ಮಾಸ್ತರ ಅಮರಪ್ಪನದು. ಹೆಂಡತಿ ಮಾನಮ್ಮ ಬಾಣಂತಿ. ಬಾಣಂತನಕ್ಕೆಂದು ಅವಳ ತಾಯಿ ಅಂಬವ್ವ ಬಂದಿದ್ದಳು.

ಮಾಳಿಗೆಯ ಮೇಲೆ ಯಾರಾದರೂ ಓಡಾಡಿದ್ದು ಕಂಡಿತೇ ಎಂದು ದೇವಕಮ್ಮ ಕೇಳಿದಳು. ಹಗಲೆಲ್ಲ ಶಾಲೆಯಲ್ಲಿರುವ, ಆಗಷ್ಟೇ ಮನೆಗೆ ಬಂದಿದ್ದ ಅಮರಪ್ಪನಿಗೆ ಗೊತ್ತಿರಲಿಲ್ಲ. ಆದರೆ ಪೊಲೀಸರು ತಾವಾಗಿ ಬಾಗಿಲಿಗೆ ಬಂದದ್ದನ್ನು ವ್ಯರ್ಥ ಮಾಡುವ ಮನುಷ್ಯ ಆತ ಅಲ್ಲ.

"ಬಂದೀರಿ ಅಂದ ಮ್ಯಾಲ ನಮ್ಮದೂ ಒಂದು ಕಂಪ್ಲೇಂಟ್ ತಗೋರಿ ಮೇಡಮ್ಮರ. ನಮ್ಮ ಡ್ರಮ್ಮಿನಾಗಿನ ನೀರು ಕಳುವಾಗಾಕತ್ತದ."

ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಕೂಸಿಗೆ ಎರೆಯುವ ನೀರಿಗೆಂದು ತುಂಬಿಟ್ಟ ಡ್ರಮ್ಮು ಈಚೆಗೆ ನಳ ಬರುವ ಮುಂಚೆಯೇ ತಳ ಕಾಣುತ್ತಿದೆ. ನೀರು ಕದಿಯುವ ಕಳ್ಳನನ್ನು ಪತ್ತೆ ಮಾಡಬೇಕು.

ಒಳಗೆ ಮಾನಮ್ಮ ತೊಟ್ಟಿಲ ಹತ್ತಿರ ಕುಳಿತಿದ್ದಳು. ಹೆರಿಗೆಯಾದಾಗ ಮೈಯಲ್ಲಿ ರಕ್ತವೇ ಇರಲಿಲ್ಲ, ಮಲ್ಲಾಬಾಯಿ ಗೋಡೆ ಮೇಲಿಂದ ಪಲ್ಯ ಕೊಡುತ್ತ ಬಂದದ್ದಕ್ಕೆ ಚೇತರಿಸಿಕೊಂಡೆ ಎಂದಳು. ದೇವಕಮ್ಮ ಅಂಬವ್ವನ ಊರು ಕೇಳಿದಳು.

"ಶಹಾಪುರದಾಚಿ ಯವ್ವ. ಕಾಲುವಿ ಮುಗಿಯೂ ಕಡಿ," ಎಂದಳು ಮುದುಕಿ. "ಕಾಲುವಿ ಬಂದದ. ನೀರು ಇನ್ನ ದಾರ್ಯಾಗ ಅದ."

ದೇವಕಮ್ಮ ನಕ್ಕಳು. ಅರ್ಧಕ್ಕೆ ನಗು ನಿಂತಿತು.

* * *

ಬಿಸಿಲಿಗೆ ಸತ್ತವು ಎಂದು ಹೇಳಿ ಠಾಣೆಗೆ ಹೋಗಿಬಿಡಬಹುದಿತ್ತು. ಯಾರಿಗೂ ನೋವಿಲ್ಲ. ಆದರೆ ಹಾಗೆ ಹೇಳಿದರೆ ಓಣಿ ಹೂಂ ಅನ್ನುತ್ತದೆ, ಕೀಲಿ ಮಾತ್ರ ಶರೀಫಾಬೀಗೆ ತಿರುಗಿ ಕೊಡುವುದಿಲ್ಲ. ದೇವಕಮ್ಮ ಎಲ್ಲರನ್ನೂ ವೆಂಕಟಪ್ಪನ ಮಾಳಿಗೆಗೆ ಕರೆದಳು. ಕರೆಯದವರು ಸುತ್ತಲಿನ ಮಾಳಿಗೆಗಳ ಮೇಲೆ ಜಮಾಯಿಸಿದರು.

ಮೊದಲು ವಿಷದ ಮಾತು ಎಂದಳು. ವಿಷ ಹಾಕಿದ್ದರೆ ಎಳೆ ಸಸಿ ಮೊದಲು ಸಾಯಬೇಕಿತ್ತು. ಅವು ಚೆನ್ನಾಗಿವೆ. ಹಾಗಾದರೆ ಎಳೆಯದಕ್ಕೂ ಬೆಳೆದದ್ದಕ್ಕೂ ಫರಕು ಏನು? ಎಳೆಯದರ ಬಕೆಟ್ ತುಂಬಿರಬೇಕು. ಬೆಳೆದದ್ದರ ಬಕೆಟ್ ಇಳಿದಿರಬೇಕು.

"ವೆಂಕಟಪ್ಪನವರ, ನೀವು ಊರಿಗೆ ಹೋಗುವಾಗ ಇದರಾಗ ನೀರು ಎಲ್ಲಿತ್ತು?"

"ಅರ್ಧದ ಕೆಳಗ."

"ಈಗ?"

ವೆಂಕಟಪ್ಪ ಮುಚ್ಚಳ ಎತ್ತಿ ನೋಡಿದ. ಇನ್ನೊಂದು ಎತ್ತಿದ. ಆಮೇಲೆ ಗೋಡೆಯ ಮೇಲೆ ಕುಳಿತುಬಿಟ್ಟ. ನೌಕರಿಯುದ್ದಕ್ಕೂ ತುಂಬಿ ಹರಿದ ಕಾಲುವೆ ಎಂದರೆ ಅವನಿಗೆ ಯಾರ ಬೈಗುಳವೂ ಇಲ್ಲದ ದಿನ. ತುಂಬಿದ ನೀರಿನಲ್ಲಿ ತಪ್ಪು ಹುಡುಕುವ ಕಣ್ಣು ಅವನಿಗೆ ಇರಲೇ ಇಲ್ಲ.

"ಗಾಳಿ ಬೇರು ಮುಳುಗ್ಯಾವ," ಎಂದ. "ಉಸಿರು ಕಟ್ಟಿ ಸತ್ತಾವ."

ನೀರು ತಾನಾಗಿ ಏರುವುದಿಲ್ಲ, ಯಾರೋ ಹೊಯ್ದಿದ್ದಾರೆ ಎಂದಳು ದೇವಕಮ್ಮ. ಪಕ್ಕದ ಡ್ರಮ್ಮಿನಲ್ಲಿ ಇಳಿದ ನೀರು ಇಲ್ಲಿ ಏರಿದೆ. ಬರಲು ಕೀಲಿ ಬೇಕಿಲ್ಲ, ಕಾಲು ಎತ್ತಿದರೆ ಸಾಕು. ತನ್ನ ನೀರು ತಾನೇ ಕದ್ದು ಅಮರಪ್ಪ ಕಂಪ್ಲೇಂಟ್ ಕೊಡುವುದಿಲ್ಲ. ಮಾನಮ್ಮ ತೊಟ್ಟಿಲು ಬಿಟ್ಟು ಏಳುವುದಿಲ್ಲ.

"ಮುಚ್ಚಳದ ಮ್ಯಾಲಿನ ಕಲ್ಲು ಸಹಿತ ತಿರುಗಿ ಇಟ್ಟಾರ. ಹಗಿ ಇದ್ದವರು ಕಲ್ಲು ತಿರುಗಿ ಇಡಂಗಿಲ್ಲ. ಇದು ಋಣ ಇದ್ದವರ ಕೆಲಸ."

ಅಂಬವ್ವ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು. ಯಾರೂ ಕರೆದಿರಲಿಲ್ಲ.

"ನಾನ ಹಾಕೀನಿ. ನನ್ನ ಮಗಳ ಮಾರಿಗೆ ರಗತ ತಂದ ಪಲ್ಯ. ಮನಿಯವರು ಊರಾಗಿಲ್ಲ, ನೀರು ತಳಕ್ಕ ಹೋಗ್ಯದ. ನೋಡ್ಕೋತ ಹೆಂಗ ಕುಂದರ್ಲಿ? ಅಳಿಯಗ ಹೇಳಿದ್ರ ಕೂಸಿನ ನೀರು ಅಂತಾನಂತ ಮಧ್ಯಾಹ್ನ ಮಗಳು ಮಲಗಿದಾಗ ತಂದು ಹಾಕಿದೆ. ಬಾಡಿದವು. ಸಾಲದೇನೋ ಅಂತ ಮತ್ತ ಹಾಕಿದೆ."

ಜೋತುಬಿದ್ದ ಎಲೆಯೊಂದನ್ನು ಎತ್ತಿ ನೋಡಿ ಕೇಳಿದಳು.

"ನೀರಿನಿಂದನೂ ಸಾಯ್ತಾವೇನ್ರಿ?"

ಅವಳಿಗೆ ಶರೀಫಾಬೀ ಮೇಲಿನ ಆರೋಪವೂ ಗೊತ್ತಿರಲಿಲ್ಲ. ಬಾಣಂತಿ ಇರುವ ಮನೆಗೆ ಜಗಳದ ಸುದ್ದಿ ಒಯ್ಯಬಾರದೆಂದು ಓಣಿ ಅಷ್ಟೊಂದು ಮರ್ಯಾದೆ ಪಾಲಿಸಿತ್ತು. ಈಗ ತಿಳಿದು ಶರೀಫಾಬೀಯ ಕೈ ಹಿಡಿದುಕೊಂಡಳು. ಶರೀಫಾಬೀ ಬಿಡಿಸಿಕೊಳ್ಳಲಿಲ್ಲ.

ವೆಂಕಟಪ್ಪ ಎದ್ದು ಬಂದ. ಮುದುಕಿ ಒಂದು ಹೆಜ್ಜೆ ಹಿಂದೆ ಸರಿದಳು.

"ಸರ್ವಿಸ್ ಪೂರಾ ಗೇಟಿನ ಮುಂದ ಕುಂತೀನಿ ಯವ್ವ," ಎಂದ. "ಕಾಲುವಿ ಕೊನೀ ಊರಿಂದ ನನಗ ಅರ್ಜಿ ಬಂದಾವ, ಬೈಗಳ ಬಂದಾವ. ನೀರು ಬಂದದ್ದು ಇದ ಮೊದಲ."

ಕೈ ಮುಗಿದ. ತಮಾಷೆಗೆ ಅಲ್ಲ.

ಅಮರಪ್ಪ ತನ್ನ ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳುವುದಾಗಿ ದೇವಕಮ್ಮನಿಗೆ ಹೇಳಿದ. ಅವಳು ಅದನ್ನು ಬರೆದುಕೊಂಡೇ ಇರಲಿಲ್ಲ.

* * *

ಜನ ಚೆದುರಿದ ಮೇಲೆ ಮೆಟ್ಟಿಲ ಮೇಲೆ ಮಲ್ಲಾಬಾಯಿ ಶರೀಫಾಬೀಯನ್ನು ತಡೆದಳು. ತನ್ನ ನಾಲಿಗೆ ಸುಡಲಿ, ಮಾಫಿ ಮಾಡು ಎಂದು ಪಿಸುಗುಟ್ಟಿದಳು.

"ಮಾಫಿ ಮೆತ್ತಗ ಕೇಳಾಕತ್ತಿ ಮಲ್ಲಕ್ಕ," ಎಂದಳು ಶರೀಫಾಬೀ. "ಅಂದದ್ದು ಜೋರಾಗಿ ಅಂದಿದ್ದಿ."

ಮಲ್ಲಾಬಾಯಿ ತಿರುಗಿ ಮಾಳಿಗೆ ಹತ್ತಿದಳು. ಅಂಚಿಗೆ ಬಂದು, ತಮ್ಮ ಮನೆಯನ್ನು ಶರೀಫಾ ಕಣ್ಣಾಗಿ ಕಾದಿದ್ದಾಳೆ, ಅವಳ ಋಣ ತಮ್ಮ ಮೇಲಿದೆ ಎಂದು ಓಣಿಗೆ ಹೇಳಿದಳು. ಮುಂಜಾನೆ ಹೊಲಕ್ಕೆ ಹೋಗಿದ್ದ ಕೆಲವರು ಆಗಷ್ಟೇ ಬರುತ್ತಿದ್ದರು. ಏನಾಯಿತು ಎಂದು ಕೇಳಿದರು. ಹೀಗಾಗಿ ಅವಳು ಮೊದಲಿನಿಂದ ಶುರು ಮಾಡಬೇಕಾಯಿತು: ಯಾರ ಮೇಲೆ ಸಂಶಯಪಟ್ಟಳು, ಏನಂದಳು, ಅದು ಹೇಗೆ ಸುಳ್ಳಾಯಿತು. ತಾನು ಅಂದ ಮಾತಿಗೆ ಬಂದಾಗ ದನಿ ತಂತಾನೇ ಇಳಿಯಿತು.

"ಕೇಳಸವಲ್ದು," ಎಂದಳು ಕೆಳಗಿನಿಂದ ಶರೀಫಾಬೀ.

ಮಲ್ಲಾಬಾಯಿ ಇನ್ನೊಮ್ಮೆ ಹೇಳಿದಳು.