ನಡುವಿನ ಕುರ್ಚಿ

ಮೊದಲ ದಿನವೇ ಜುಲಿಯಾನಾ ತುಳಸಿರಾಮನನ್ನು ಸೋಲಿಸಿದ್ದಳು.

ಮುಂಡಗೋಡದಲ್ಲಿ ಶಿಕ್ಷಕರ ತರಬೇತಿ ನಡೆದಿತ್ತು. ಶಾಲೆಯಲ್ಲಿ ಮಕ್ಕಳ ಜಗಳವನ್ನು ಮಕ್ಕಳೇ ನಡುವೆ ಕೂತು ಬಗೆಹರಿಸಬೇಕು. ಅದನ್ನು ಅವರಿಗೆ ಕಲಿಸುವ ಬಗೆಯನ್ನು ಮೊದಲು ಮಾಸ್ತರರು ಕಲಿಯಬೇಕು. ಸಾಲಾಗಿ ಮೂರು ಕುರ್ಚಿ. ಆಚೆ ಈಚೆ ಜಗಳವಾಡಿದವರು, ನಡುವೆ ಮಧ್ಯಸ್ಥ. ಅವನು ತೀರ್ಪು ಕೊಡುವಂತಿಲ್ಲ. ಇಬ್ಬರ ಮಾತನ್ನೂ ಕೇಳಿ, ಏನನ್ನೂ ಬಿಡದೆ, ಅವರೆದುರಿಗೇ ತಿರುಗಿ ಹೇಳಬೇಕು.

ಅಂದಿನ ಅಭ್ಯಾಸದಲ್ಲಿ ಶಿಕ್ಷಕಿ ಜುಲಿಯಾನಾಳದು ಕಂಪಾಸ್ ಪೆಟ್ಟಿಗೆ ಮುರಿಸಿಕೊಂಡ ಏಳನೇ ತರಗತಿಯ ಹುಡುಗಿಯ ಪಾತ್ರ. ತೇರಗಾಂವದ ವಿಜ್ಞಾನ ಶಿಕ್ಷಕ ತುಳಸಿರಾಮ ಮಧ್ಯಸ್ಥ. ಅವಳು ಹೇಳಿದ್ದನ್ನೆಲ್ಲ ಅವನು ಪ್ರಯೋಗದ ವರದಿ ಓದುವಂತೆ, ಒಂದು ಅಕ್ಷರವೂ ತಪ್ಪದೆ ಒಪ್ಪಿಸಿದ.

ಅವಳು ತಲೆ ಓರೆ ಮಾಡಿ ನೋಡಿದಳು. ನಗು ಕಣ್ಣಿನ ಅಂಚಿಗೆ ಬಂದು ನಿಂತಿತ್ತು. ತುಟಿಗಳು ಮಾತ್ರ ಇನ್ನೂ ಅದನ್ನು ತಡೆದಿದ್ದವು.

"ಮಾತೆಲ್ಲಾ ಹೇಳಿದ್ರಿ ಸರ್. ನನ್ನ ಸಿಟ್ಟು ಎಲ್ಲಿ ಇಟ್ರಿ?"

ಕೋಣೆಯೆಲ್ಲ ನಕ್ಕಿತು. ತುಳಸಿರಾಮನೂ ನಕ್ಕ, ತುಸು ತಡವಾಗಿ. ಆ ಓರೆ ತಲೆಯ ನೋಟದಿಂದ ಅವನು ಇನ್ನೂ ಹೊರಬಂದಿರಲಿಲ್ಲ.

ಉಳಿದ ತಾಲೂಕುಗಳಲ್ಲಿ ತರಬೇತಿ ಕೊಡಲು ಅವರಿಬ್ಬರನ್ನೇ ಆರಿಸಿದರು. ಹಳಿಯಾಳ, ದಾಂಡೇಲಿ, ಆಮೇಲೆ ಜೋಯಿಡಾ. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳದು, ಚಾರ್ಟ್ ಪೇಪರಿನ ಸುರುಳಿ ಅವನ ಮಡಿಲಲ್ಲಿ. ಅವನು ಸುರುಳಿಗೆ ಹಾಕಿದ ರಬ್ಬರ್ ಬ್ಯಾಂಡ್ ಸರಿಯಾಗಿ ನಡುಮಧ್ಯದಲ್ಲಿದೆಯೋ ಇಲ್ಲವೋ ಎಂದು ಅವಳು ಗಂಭೀರವಾಗಿ ಬಗ್ಗಿ ನೋಡುತ್ತಿದ್ದಳು. ಆಗ ಅವಳ ಗುಂಗುರು ಕೂದಲು ಅವನ ತೋಳಿಗೆ ತಾಕುತ್ತಿತ್ತು. ಅವನು ತೋಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ, ಮುಂದಕ್ಕೂ ಚಾಚುತ್ತಿರಲಿಲ್ಲ.

ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಸಾಂಬ್ರಾಣಿಯ ತನ್ನ ಮನೆಯವರೂ ಜೋಯಿಡಾ ಕಡೆಯ ಅಂತೋನಿಯ ಮನೆಯವರೂ ಸೇರಿ ನಿಶ್ಚಯ ಮಾಡಿದ್ದನ್ನು, ಅಂತೋನಿ ಪ್ರವಾಸಿಗರಿಗೆ ಜೀಪು ಓಡಿಸುವುದನ್ನು, ಮದುವೆಯ ತಾರೀಖು ಮಾತ್ರ ಬಾಕಿ ಇರುವುದನ್ನು ಮೊದಲ ವಾರವೇ ಹೇಳಿದ್ದಳು. ನೀರು ಎಷ್ಟು ಬಿಸಿಗೆ ಕುದಿಯುತ್ತದೆ ಎಂಬುದು ತಿಳಿದಿದ್ದಷ್ಟೇ ಖಚಿತವಾಗಿ ತುಳಸಿರಾಮನಿಗೆ ಅದೆಲ್ಲ ತಿಳಿದಿತ್ತು. ತಿಳಿದಿದೆಯೆಂದು ನೀರು ಕುದಿಯುವುದನ್ನು ನಿಲ್ಲಿಸಲಿಲ್ಲ.

ಜೋಯಿಡಾದ ಕೊನೆಯ ದಿನ ಅವಳನ್ನು ಕರೆದೊಯ್ಯಲು ಅಂತೋನಿ ಬಂದ. ಎತ್ತರದ ಆಳು, ತುಂಬು ನಗು. ಬೇಯಿಸಿದ ಗೆಣಸು ತಂದು ಹೊರಟು ನಿಂತ ಶಿಕ್ಷಕರಿಗೆಲ್ಲ ಹಂಚಿದ. ತುಳಸಿರಾಮನಿಗೆ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ಕೊಟ್ಟ. ಅವನು ಸ್ವಲ್ಪವಾದರೂ ಒರಟನಾಗಿರಬಾರದಿತ್ತೇ ಎಂದು ತುಳಸಿರಾಮನಿಗೆ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಅಂತೋನಿ ತನ್ನ ಸಂಕಟ ತೋಡಿಕೊಂಡ. ತಾರೀಖು ಕೇಳಿದಾಗಲೆಲ್ಲ ಇವಳು ತರಬೇತಿ ಮುಗಿಯಲಿ ಅನ್ನುತ್ತಾಳೆ. ಈಗ ಮುಗಿಯಿತು, ಈಗಲೂ ಸುಮ್ಮನಿದ್ದಾಳೆ.

"ಊರ ಮಂದಿ ಜಗಳಾ ಬಿಡಸೂದು ಕಲಸ್ತೀರಿ. ನಮ್ದೂ ಒಂದು ಬಿಡಸ್ರಿ ಸರ್ರ."

ಜುಲಿಯಾನಾ ಬೇಡವೆಂದಳು. ತುಳಸಿರಾಮನೂ ಬೇಡ ಅನ್ನಬೇಕಿತ್ತು. ಆದರೆ ಬೇಡ ಅನ್ನಲು ಕಾರಣ ಕೊಡಬೇಕಾಗುತ್ತಿತ್ತು. ಆ ಕಾರಣವೊಂದನ್ನೇ ಅವನು ಹೇಳುವಂತಿರಲಿಲ್ಲ. ನಡುವಿನ ಕುರ್ಚಿಯಲ್ಲಿ ಕೂತ.

ಅಂತೋನಿ ಮಾತಾಡಿದ. ಮನೆಗೆ ಹೊಸ ಕೋಣೆ ಕಟ್ಟಿಸಿದ್ದು, ಬಂಧುಗಳು ಕೇಳುವಾಗ ಆಗುವ ಅವಮಾನ, ಫೋನ್ ಎತ್ತದ ದಿನಗಳ ಸಿಟ್ಟು. ಕೊನೆಗೆ ನೆಲ ನೋಡುತ್ತ, "ಆಕಿ ಒಮ್ಮೆ ನಕ್ರ ವಾರಪೂರ್ತಿ ನನ್ನ ಜೀವ ಹಗೂರ ಇರ್ತೈತ್ರಿ" ಎಂದ.

ತುಳಸಿರಾಮ ತಿರುಗಿ ಹೇಳಿದ. ಕೋಣೆ ಹೇಳಿದ, ಅವಮಾನ ಹೇಳಿದ, ಸಿಟ್ಟನ್ನೂ ಸಿಟ್ಟಾಗಿಯೇ ಹೇಳಿದ. ಆಮೇಲೆ, ಎಲ್ಲ ಶಾಲೆಗಳಲ್ಲೂ ಕಲಿಸಿಕೊಟ್ಟ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಗೆ ಬಂತು.

"ಏನರೆ ಬಿಟ್ನೇನ್ರಿ?"

ಅಂತೋನಿ ತಲೆಯೆತ್ತಿ ಅವನನ್ನು ನೋಡಿದ.

"ಒಂದು ಬಿಟ್ರಿ."

ಮರೆತೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ತಾನು ಮರೆಯುವವನಲ್ಲ ಎಂಬುದು ಪಕ್ಕದಲ್ಲಿದ್ದವಳಿಗೆ ಗೊತ್ತಿತ್ತು. ತುಳಸಿರಾಮ ಎದ್ದು ನಿಂತ.

"ಈ ಕುರ್ಚಿ ಮ್ಯಾಲ ನಾ ಕೂಡ್ರಬಾರದಾಗಿತ್ತು. ಆ ನಗುವಿನ ಮಾತು ನನ್ನ ಬಾಯಿಂದ ಬರವಲ್ದು, ಅಂತೋನಿ ಅವ್ರ. ಅದು ನನ್ನ ಮಾತೂ ಹೌದು."

ಜುಲಿಯಾನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತಿ ಸುತ್ತಿ ಬೆರಳ ತುದಿ ಮರಗಟ್ಟಿರಬೇಕು. ಮುಖ ಎತ್ತದೆಯೇ ಮಾತಾಡಿದಳು.

"ನೀವು ಬಿಟ್ಟಿದ್ದು ನನಗೂ ತಿಳೀತು ಸರ್. ಖುಷಿ ಆತು. ಖುಷಿ ಆತಲ್ಲ ಅಂತ ಹೆದರಿಕಿ ಆತು."

ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಆದರೂ ಒಬ್ಬನ ಮುಖ ಕಣ್ಣೆದುರೇ ಬಾಡುತ್ತಿತ್ತು. ಅದನ್ನು ತಡೆಯಲು ಉಳಿದಿಬ್ಬರಿಂದಲೂ ಆಗಲಿಲ್ಲ.

ಜುಲಿಯಾನಾ ಎದ್ದು ಅಂತೋನಿಯ ಜೊತೆ ಅಂಗಳಕ್ಕೆ ಹೋದಳು. ಬರುವುದು ಬೇಡವೆಂದು ತುಳಸಿರಾಮನಿಗೆ ಕೈಸನ್ನೆ ಮಾಡಿದಳು. ಕಿಟಕಿಯಿಂದ ಅವನಿಗೆ ಮಾತು ಕೇಳಲಿಲ್ಲ. ಅವಳು ಎರಡೂ ಕೈ ಜೋಡಿಸಿದ್ದು ಕಂಡಿತು. ಅಂತೋನಿ ಆ ಕೈಗಳನ್ನು ಬಿಡಿಸಿ ಕೆಳಗಿಳಿಸಿದ್ದು ಕಂಡಿತು.

ಹೊರಡುವ ಮುನ್ನ ಅಂತೋನಿ ಬಾಗಿಲ ತನಕ ಬಂದ.

"ನೀವು ಕೆಟ್ಟ ಮನಷ್ಯಾ ಆಗಿದ್ರ ಛಲೋ ಇತ್ತು ಸರ್ರ. ಬೈದಾದ್ರೂ ಹೋಗ್ತಿದ್ದೆ."

ಅಷ್ಟು ಹೇಳಿ ಜೀಪಿನತ್ತ ನಡೆದ.

ತುಳಸಿರಾಮ ಹೊರಗೆ ಬಂದಾಗ ಜುಲಿಯಾನಾ ಮೆಟ್ಟಿಲ ಮೇಲೆ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಅಳುವ ಮಗುವಿಗೆ ಏನು ಹೇಳಬೇಕೆಂದು ಬೇಕಾದಷ್ಟು ಮಾಸ್ತರರಿಗೆ ಕಲಿಸಿದವನು ಎರಡು ಮೆಟ್ಟಿಲು ಮೇಲೆಯೇ ನಿಂತ.

"ಏನೂ ಹೇಳಬ್ಯಾಡ್ರಿ," ಎಂದಳು. "ಬಾಜೂಕ ಕೂಡ್ರಿ."

ಅವನು ಕೂತ. ನಿಶ್ಚಯ ಮುರಿದದ್ದೇಕೆಂದು ನಾಳೆ ಸಾಂಬ್ರಾಣಿಯಲ್ಲಿ ಅವಳ ಅವ್ವ ಕೇಳುತ್ತಾಳೆ, ಚರ್ಚಿನಲ್ಲಿ ಫಾದರ್ ಕೇಳುತ್ತಾರೆ, ತನ್ನ ಮನೆಯಲ್ಲಿ ಅಪ್ಪ ಕೇಳದೆ ಊಟ ಬಿಡುತ್ತಾನೆ.

ಕಾಡಿನ ಏರಿನಲ್ಲಿ ಜೀಪು ಗೇರು ಬದಲಿಸಿದ ಸದ್ದು ಬಂತು. ಒಂದು ತಿರುವಿನಲ್ಲಿ ಅಡಗಿ, ಮತ್ತೊಂದರಲ್ಲಿ ಕೇಳಿ, ಸಣ್ಣದಾಗುತ್ತ ಹೋಯಿತು. ಇಬ್ಬರೂ ತಲೆ ತಗ್ಗಿಸಿ ಅದನ್ನೇ ಆಲಿಸುತ್ತಿದ್ದರು.

ಅದು ಪೂರ್ತಿ ಇಲ್ಲವಾದ ಮೇಲೆಯೇ ಅವಳು ಅವನ ಕೈ ಹಿಡಿದಳು.