ಕೆಂಪಿಯ ಕೊರಳ ಹಗ್ಗ

ಡಿಸೆಂಬರ್ ಮೂರರ ಬೆಳಿಗ್ಗೆ ಮಾವನಲ್ಲ ಎಂಬ ಹಳ್ಳಿಯ ಅಜ್ಜಿ ಪುಟ್ಟಲಿಂಗಮ್ಮ ತನ್ನ ಹಸುವನ್ನು ಹೊಡೆದುಕೊಂಡು ಠಾಣೆಗೆ ಬಂದು ಗೇಟಿಗೇ ಕಟ್ಟಿದಳು. ಬಿಚ್ಚಲು ಹೋದ ಹೆಡ್ ಕಾನ್‌ಸ್ಟೇಬಲ್ ಶಕ್ತಿವೇಲ್ ಮೊಣಕಾಲಿಗೆ ಒದೆ ತಿಂದು ಕುಂಟುತ್ತಾ ಒಳಗೆ ಬಂದ. ಸತ್ತವರೇ ನಡೆದು ಬಂದು ದೂರು ಕೊಟ್ಟಂಥ ಕೇಸು ಅದು.

"ನನ್ ಕೆಂಪಿ ಬದುಕೇ ಅದೆ ಕನವ್ವ," ಎಂದು ಅಜ್ಜಿ ಇನ್ಸ್‌ಪೆಕ್ಟರ್ ಗೀತಾಂಜಲಿಗೆ ಹೇಳಿದಳು. "ಹೊಳೇಲಿ ಸತ್ತೋಯ್ತು ಅಂತ ಬರ್ದು ನನ್ ಖಾತೆಗೆ ಸರ್ಕಾರದ ದುಡ್ಡು ಹಾಕ್ಸವ್ರೆ. ನಾ ಕೇಳಿದ್ನಾ?"

ಅಕ್ಟೋಬರ್ ಪ್ರವಾಹದಲ್ಲಿ ಅವಳ ಎರಡು ಕಡಸು ಕೊಚ್ಚಿಹೋಗಿದ್ದು ನಿಜ. ಅವುಗಳ ಕಿವಿಗೆ ಸರ್ಕಾರಿ ಬಿಲ್ಲೆ ಇರಲಿಲ್ಲವೆಂದು ಪರಿಹಾರ ಸಿಗಲಿಲ್ಲ. ಅವಳು ನುಂಗಿಕೊಂಡು ಸುಮ್ಮನಿದ್ದಳು. ಈಗ ಬದುಕಿದ ಹಸುವಿನ ಹೆಸರಲ್ಲಿ ದುಡ್ಡು ತಿಂದಳೆಂದು ಊರು ಆಡಿಕೊಳ್ಳುತ್ತಿತ್ತು. ದೂರು ದಾಖಲಾದರೆ ಮೊದಲ ಅನುಮಾನ ಅವಳ ಮೇಲೆಯೇ ಬರುತ್ತದೆಂದು ಗೀತಾಂಜಲಿ ಎಚ್ಚರಿಸಿದಳು. ಬರಲಿ, ಕಳ್ಳಿ ಅನ್ನಿಸಿಕೊಂಡು ಸಾಯುವುದಿಲ್ಲ ಎಂದಳು ಅಜ್ಜಿ. ಎಫ್‌ಐಆರ್ ಆಯಿತು.

ಅರ್ಜಿ ಹಾಕಿದ್ದು ಮಸಿನಗುಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ವಸಂತಕುಮಾರ್. ಊರವರ ಕಾಗದ, ಫೋಟೊಗಳೆಲ್ಲ ಒಂದೇ ಕಟ್ಟಾಗಿ ಬಂದಿದ್ದವು, ಯಾರು ತಂದರೋ ನೆನಪಿಲ್ಲ ಎಂದ. ರಸ್ತೆ ಕುಸಿದಿದ್ದರಿಂದ ಅಧಿಕಾರಿಗಳೂ ಫೋಟೊ ನೋಡಿಯೇ ಮಂಜೂರು ಮಾಡಿದ್ದರು. ಫೋಟೊದಲ್ಲಿ ಕೆಂಪಿ ಹೊಳೆದಂಡೆಯ ಮರಳಿನ ಮೇಲೆ ಕಾಲು ಚಾಚಿ ಮಲಗಿತ್ತು. ಕಿವಿಯಲ್ಲಿ ಬಿಲ್ಲೆ, ಕೊರಳಲ್ಲಿ ಹಗ್ಗ.

"ಇದು ನಮ್ಮೋರ ಕೆಲ್ಸ ಅಲ್ಲ," ಎಂದಳು ಪುಟ್ಟಲಿಂಗಮ್ಮ. "ದನ ಸತ್ರೆ ಮೊದ್ಲು ಕೊಳ್ಳಗಿರ ಹಗ್ಗ ಕುಯ್ತೀವಿ."

ಶಕ್ತಿವೇಲ್ ಆಗಲೇ ವಸಂತಕುಮಾರನನ್ನು ಎಳೆತರಲು ಎದ್ದಿದ್ದ. ಗೀತಾಂಜಲಿ ತಡೆದಳು. ಅವಳೂ ಎಮ್ಮೆ ಸಾಕಿದ ಮನೆಯ ಮಗಳು. ಇಷ್ಟು ಒದೆಯುವ ಹಸು ಹೊರಗಿನವನ ಮುಂದೆ ಹೀಗೆ ಮಲಗುತ್ತದೆಯೇ? ಇನ್ನು ಬದುಕಿರುವ ದನದ ಕೊರಳ ಹಗ್ಗ ಕತ್ತರಿಸಿದರೆ ಸಾವನ್ನು ಕರೆದಂತೆ. ಅದಕ್ಕೆ ಹೆದರುವವನು ದನ ಕಾಯುವವನೇ.

"ಕೆಂಪಿಯನ್ನು ಮೇಯಿಸುವವರು ಯಾರು?"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮಧ್ಯಾಹ್ನ ಹೊಳೆದಂಡೆಯಲ್ಲಿ ಪಂಚನಾಮೆ ನಡೆಯಿತು. ಇಪ್ಪತ್ತು ವರ್ಷದಿಂದ ಊರ ದನ ಮೇಯಿಸುತ್ತಿದ್ದ ನಂಜುಂಡೇಶನನ್ನು ಕರೆಸಿದರು. ಅವನು ಕೊರಳಡಿ ಜೋಲುವ ಗಂಗೆದೊಗಲು ತುರಿಸಿದ್ದೇ ತಡ, ಕೆಂಪಿ ಪಂಚರ ಎದುರಿಗೇ ಕಾಲು ಚಾಚಿ ಮಲಗಿತು. ಅವನಿಗೆ ಇನ್ನು ಹೇಳಲು ಸುಳ್ಳು ಉಳಿಯಲಿಲ್ಲ.

"ಹಗ್ಗ ಯಾಕೆ ಬಿಟ್ಟೆ?"

"ಬದುಕಿರ ಹಸದ್ದು ಕುಯ್ಯಕೆ ಕೈ ಬರ್ನಿಲ್ಲ ಮೇಡಂ."

"ನಿನಗೆಷ್ಟು ಬಂತು?"

"ನಂಗ್ಯಾಕೆ ದುಡ್ಡು? ಹೊಡ್ಕೊಂಡೋದ ದನವ ಅಷ್ಟೂ ಮನೆಗೆ ಮುಟ್ಸೋನು ನಾನು. ಅವತ್ತು ಅವ್ವಂದು ಎರಡು ಕಮ್ಮಿ ಆದೊ."

ಕಡಸಿನ ಅರ್ಜಿಗೆಂದು ಅಜ್ಜಿ ಕೊಟ್ಟ ಕಾಗದಗಳಿಗೇ ಕೆಂಪಿಯ ಫೋಟೊ ಸೇರಿಸಿ ಅವನು ಊರವರ ಕಟ್ಟಿನೊಳಗೆ ಇಟ್ಟಿದ್ದ. ತನ್ನ ಕಾವಲಿನಲ್ಲಿ ಆದ ನಷ್ಟವನ್ನು ತುಂಬಲೇಬೇಕೆಂಬ ಹಟ ಅವನದು. ಕೇಳಿದ್ದರೆ ಅಜ್ಜಿ ಬೇಡವೆನ್ನುತ್ತಿದ್ದಳು. ದಸ್ತಗಿರಿಯ ಕಾಗದಕ್ಕೆ ಸಹಿ ಹಾಕುವಾಗ ಗೀತಾಂಜಲಿಗೆ ಇಬ್ಬರ ಬಗ್ಗೆಯೂ ಹೆಮ್ಮೆ ಎನ್ನಿಸಿತು. ಆದರೂ ಸಹಿ ಹಾಕಿದಳು.

ಪುಟ್ಟಲಿಂಗಮ್ಮ ದುಡ್ಡನ್ನು ಸರ್ಕಾರಕ್ಕೆ ಹಿಂದಿರುಗಿಸಿದಳು. ಗೂಡಲೂರಿನ ಕೋರ್ಟಿನಲ್ಲಿ ಆರೋಪಿಗೆ ಜಾಮೀನು ನಿಲ್ಲುವವರು ಯಾರೆಂದು ಕೇಳಿದಾಗ ದೂರುದಾರಳೇ ಎದ್ದು ನಿಂತಳು.

"ನಾನೇ ಸ್ವಾಮಿ. ನಾಳಿಂದ ನನ್ ಹಸ ಮೇಯ್ಸೋರ್ ಯಾರು?"